ಪ್ಲೇ, ಬಳುಕು, ಕಚ್ಚು, ಗುಂಯ್ ಸದ್ದು: ಮಿಷಿನ್ ಹೇಳಿದ ಜಾಗಕ್ಕೆ ಯಾಕೆ ಹೋಗಲ್ಲ? (ಪದೇ ಪದೇ ಕೇಳುವ ಪ್ರಶ್ನೆಗಳು)

ಪೀಣ್ಯ ಕಡೆ ಹಳೇ ಮಿಷಿನ್‌ಗಳಿಗೆ ಹೊಸ ಸರ್ವೋ (ಎಲ್ಲಿದೀನಿ ಅಂತ ಅಳೆದು ಹೇಳಿದ ಜಾಗಕ್ಕೆ ತಾನೇ ಹೋಗೋ ಮೋಟರ್, ಅದನ್ನ ಓಡಿಸೋ ಡ್ರೈವ್) ಕೂರಿಸೋ ಕೆಲಸ ನಂದು. ಫೋನ್ ಮಾಡೋರು ಹೆಚ್ಚು ಕಮ್ಮಿ ಎಲ್ಲರೂ ಒಂದೇ ಮಾತಿಂದ ಶುರು ಮಾಡ್ತಾರೆ, "ಗೇನ್ ಎಷ್ಟು ಇಡ್ಲಿ ಸಾರ್?" ಅಂತ. ಗೇನ್ (ತಪ್ಪು ಕಂಡಾಗ ಸರ್ವೋ ಎಷ್ಟು ಜೋರಾಗಿ ತಿದ್ದಬೇಕು ಅನ್ನೋ ನಂಬರ್) ಆಮೇಲೆ ನೋಡೋಣ, ಮೊದಲು ಮೆಕ್ಯಾನಿಕಲ್‌ನಲ್ಲಿ ಏನಿದೆ ಅಂತ ಅಳೆದು ಹೇಳಿ ಅಂತೀನಿ ನಾನು. ಇಲ್ಲಿರೋ ಉತ್ತರ ಎಲ್ಲಾ ಆ ಒಂದು ಮಾತಿನ ಸುತ್ತಾನೇ ಇದೆ.

ನಾನ್‌ಲೀನಿಯರ್ ಅಂತಾರಲ್ಲ, ಹಾಗಂದ್ರೆ ಏನು?

ಎರಡರಷ್ಟು ತಳ್ಳಿದ್ರೆ ಎರಡರಷ್ಟು ಹೋಗಬೇಕು, ಹಿಂದಕ್ಕೆ ಅಷ್ಟೇ ತಳ್ಳಿದ್ರೆ ಅಷ್ಟೇ ಹಿಂದೆ ಬರಬೇಕು, ಅದು ಲೀನಿಯರ್. ಸ್ಪ್ರಿಂಗ್ ಬಗ್ಗೆ ಹುಕ್ 1678ರಲ್ಲಿ ಹೇಳಿದ್ದು ಇದನ್ನೇ, ಎಳೆದಷ್ಟು ಹಿಗ್ಗತ್ತೆ ಅಂತ. ನಿಜವಾದ ಮಿಷಿನ್ ಹಾಗಿರಲ್ಲ. ಬಾವಿ ಹಗ್ಗ ಸಡಿಲ ಬಿದ್ದಿದ್ರೆ ಮೊದಲ ಎರಡು ಮೊಳ ಎಳೆದ್ರೂ ಕೊಡ ಅಲ್ಲಾಡಲ್ಲ, ಬಿಗಿಯಾದ ಮೇಲೆ ಎಳೆದಷ್ಟೂ ಬರತ್ತೆ. ಆ ಮೊದಲ ಎರಡು ಮೊಳಕ್ಕೆ ಯಾವ ಲೀನಿಯರ್ ಲೆಕ್ಕಾನೂ ಹೊಂದಲ್ಲ.

ಇದರಿಂದ ಆಗೋ ತೊಂದರೆ ಏನಂದ್ರೆ 100 ಎಂಎಂ ಓಡಿಸಿ ಟ್ಯೂನ್ ಮಾಡಿದ್ದು 10 ಮೈಕ್ರಾನ್ (ಎಂಎಂನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಓಡಿಸುವಾಗ ಹೊಂದಲ್ಲ, ಖಾಲಿ ಟೇಬಲ್ ಮೇಲೆ ಮಾಡಿದ್ದು ಜಾಬ್ (ಕಡಿಯೋ ತುಂಡು) ಇಟ್ಟಾಗ ಹೊಂದಲ್ಲ, ಎಡಕ್ಕೆ ಹೋಗುವಾಗ ಸರಿ ಇದ್ದದ್ದು ಬಲಕ್ಕೆ ಬರುವಾಗ ತಪ್ಪತ್ತೆ.

ಪ್ಲೇ, ಬಳುಕು ಎರಡೂ ಒಂದೇ ಅಲ್ವಾ? ಎರಡರಲ್ಲೂ ಟೇಬಲ್ ಹಿಂದೆ ಬೀಳತ್ತೆ ತಾನೆ?

ಡಯಲ್ ಮೇಲೆ ನೋಡೋಕೆ ಒಂದೇ ಥರ ಕಾಣತ್ತೆ, ಆದ್ರೆ ಜಾತಿ ಬೇರೆ, ಮದ್ದೂ ಬೇರೆ. ಪ್ಲೇ ಅಥವಾ ಬ್ಯಾಕ್‌ಲ್ಯಾಷ್ ಅಂದ್ರೆ ಖಾಲಿ ಜಾಗ. ಹಲ್ಲಿಗೂ ಹಲ್ಲಿಗೂ ನಡುವೆ, ಕೀಗೂ ಕೀವೇಗೂ ನಡುವೆ, ನಟ್ಟಿಗೂ ಸ್ಕ್ರೂಗೂ ನಡುವೆ ಏನೂ ಮುಟ್ಟದೇ ಇರೋ ಅಂತರ ಅದು, ಆ ಅಂತರದೊಳಗೆ ಬಲ ಸೊನ್ನೆ. ಬಳುಕು ಅಂದ್ರೆ ಎಲ್ಲಾ ಮುಟ್ಕೊಂಡೇ ಇದೆ ಆದ್ರೆ ಲೋಹ, ಬೆಲ್ಟು, ರಬ್ಬರು ಬಲಕ್ಕೆ ತಕ್ಕಷ್ಟು ಹಿಗ್ಗತ್ತೆ, ತಿರುಚತ್ತೆ, ಬಲ ತೆಗೆದ್ರೆ ತನ್ನ ಜಾಗಕ್ಕೆ ವಾಪಸ್ ಬರತ್ತೆ. ಪ್ಲೇ ವಾಪಸ್ ಬರಲ್ಲ, ಎಲ್ಲಿ ಬಿಟ್ರೋ ಅಲ್ಲೇ ಕೂತಿರತ್ತೆ. ಬಳುಕಿಗೆ ಶಾಫ್ಟ್ ದಪ್ಪ ಮಾಡಬೇಕು, ಪ್ಲೇಗೆ ಪ್ರಿಲೋಡ್ (ಅಂತರ ಉಳಿಯದ ಹಾಗೆ ಮೊದಲೇ ಒತ್ತಿ ಹಿಡಿಯೋದು) ಕೊಡಬೇಕು. ಒಂದರ ಮದ್ದನ್ನ ಇನ್ನೊಂದಕ್ಕೆ ಹಾಕಿ ದುಡ್ಡು ಕಳ್ಕೊಂಡಿರೋರನ್ನ ತುಂಬಾ ನೋಡಿದೀನಿ.

ಹಾಗಾದ್ರೆ ಅಳೆದು ಬೇರೆ ಮಾಡೋದು ಹೇಗೆ?

ಒಂದು ಡಯಲ್, ಮ್ಯಾಗ್ನೆಟ್ ಸ್ಟ್ಯಾಂಡು, ತೂಕ ನೋಡೋ ಸ್ಪ್ರಿಂಗ್ ಬ್ಯಾಲೆನ್ಸ್ ಇದ್ರೆ ಸಾಕು. ಮೊದಲು ಟೇಬಲ್ ಒಂದೇ ದಿಕ್ಕಿಗೆ 0.1 ಎಂಎಂನ ಹೆಜ್ಜೆಯಲ್ಲಿ ನಾಲ್ಕೈದು ಸಲ ಓಡಿಸಿ, ಡಯಲ್ ಸೊನ್ನೆ ಮಾಡಿ, ಅದೇ ಹೆಜ್ಜೆಯಲ್ಲಿ ವಾಪಸ್ ಬನ್ನಿ. ಮೊದಲ ಹೆಜ್ಜೆಯಲ್ಲಿ ಡಯಲ್ 0.1ರ ಬದಲು 0.06 ತೋರಿಸಿದ್ರೆ 40 ಮೈಕ್ರಾನ್ ಎಲ್ಲೋ ಕಳೆದುಹೋಯ್ತು ಅಂತ. ಇದು ಒಟ್ಟು ನಷ್ಟ ಅಷ್ಟೇ, ಇದರಲ್ಲಿ ಪ್ಲೇ ಎಷ್ಟು ಬಳುಕು ಎಷ್ಟು ಅಂತ ಇನ್ನೂ ಗೊತ್ತಿಲ್ಲ.

ಈಗ ಎರಡನೇ ಟೆಸ್ಟು. ಸರ್ವೋ ಆನ್ ಇರಲಿ, ಮೋಟರ್ ಹಿಡ್ಕೊಂಡಿರಲಿ, ಸ್ಪಿಂಡಲ್ ಆಫ್ ಇರಲಿ, ಇನ್ನೊಬ್ಬರು ಎಮರ್ಜೆನ್ಸಿ ಬಟನ್ ಹತ್ರ ನಿಂತಿರಲಿ. ಟೇಬಲ್‌ಗೆ ಬ್ಯಾಲೆನ್ಸ್ ಕಟ್ಟಿ 5 ಕೆಜಿ, 10, 20 ಅಂತ ಎಳೀರಿ, ಪ್ರತಿ ಸಲ ಡಯಲ್ ಓದಿ ಬರೀರಿ, ನಿಧಾನಕ್ಕೆ ಬಿಡಿ, ಬಿಟ್ಟಾಗ ಎಲ್ಲಿ ನಿಲ್ತು ಅಂತಾನೂ ಬರೀರಿ, ಆಮೇಲೆ ಆ ಕಡೆಯಿಂದ ಹಾಗೇ ಮಾಡಿ. ಸ್ವಲ್ಪ ಬಲಕ್ಕೇ ಸಡಕ್ ಅಂತ ಹೋಗಿ ಆಮೇಲೆ ಗಟ್ಟಿಯಾಗಿ ನಿಂತ್ರೆ ಅದು ಪ್ಲೇ. ಎಳೆದಷ್ಟೂ ಸಮನಾಗಿ ಹೋಗಿ ಬಿಟ್ಟಾಗ ಮೊದಲಿನ ಜಾಗಕ್ಕೆ ಬಂದ್ರೆ ಬಳುಕು. ಬಳುಕಿನ ಹಾಗೇ ಹೋಗಿ ವಾಪಸ್ ಬರುವಾಗ ಅರ್ಧ ದಾರಿಯಲ್ಲೇ ನಿಂತ್ಕೊಂಡ್ರೆ ಬಳುಕಿನ ಜೊತೆ ಘರ್ಷಣೇನೂ ಇದೆ. ಗ್ರಾಫ್ ಹಾಳೆಯಲ್ಲಿ ಬಲ ಒಂದು ಕಡೆ, ಸರಿದ ದೂರ ಒಂದು ಕಡೆ ಹಾಕಿ ಚುಕ್ಕಿ ಸೇರಿಸಿ, ಆ ಗೆರೆ ನೋಡಿದ್ರೇ ರೋಗ ಗೊತ್ತಾಗತ್ತೆ.

ಮೂರನೇದು ಇನ್ನೂ ಸುಲಭ ಆದ್ರೆ ಯಾರೂ ಮಾಡಲ್ಲ: ಮೋಟರ್ ಶಾಫ್ಟ್, ಅದನ್ನ ಸ್ಕ್ರೂಗೆ ಜೋಡಿಸೋ ಕಪ್ಲಿಂಗ್‌ನ ಎರಡೂ ಹಬ್ಬು, ಸ್ಕ್ರೂ, ಎಲ್ಲದರ ಮೇಲೂ ಅಡ್ಡಲಾಗಿ ಒಂದೇ ಗೆರೆ ಮಾರ್ಕರ್‌ನಲ್ಲಿ ಎಳೀರಿ. ಒಂದು ದಿನ ಓಡಿಸಿ ನೋಡಿ. ಗೆರೆ ಮುರಿದಿರೋ ಜಾಗದಲ್ಲಿ ಜಾರ್ತಾ ಇದೆ ಅಂತ ಅರ್ಥ. ಒಂದು ಲೇತ್‌ಗೆ ನಾನು ಮೂರು ದಿನ ಗೇನ್ ಬದಲಾಯಿಸ್ತಾ ಕೂತಿದ್ದೆ, ಕಡೆಗೆ ನೋಡಿದ್ರೆ ಕಪ್ಲಿಂಗ್‌ನ ಗ್ರಬ್ ಸ್ಕ್ರೂ ಸಡಿಲ ಆಗಿ ಹಬ್ಬು ಕೂದಲೆಳೆಯಷ್ಟು ಜಾರ್ತಾ ಇತ್ತು. ಅವತ್ತಿಂದ ಮಾರ್ಕರ್ ನನ್ನ ಜೇಬಲ್ಲೇ ಇರತ್ತೆ.

ಪ್ಲೇ ಪೂರ್ತಿ ಸೊನ್ನೆ ಮಾಡಿಬಿಟ್ರೆ ಆಯ್ತಲ್ಲ?

ಸಾಮಾನ್ಯ ಗೇರಿಗೆ ಸ್ವಲ್ಪ ಪ್ಲೇ ಬೇಕೇ ಬೇಕು. ಎಣ್ಣೆ ಪದರಕ್ಕೆ ಜಾಗ ಬೇಕು, ಹಲ್ಲು ಕಡಿದಾಗ ಉಳಿದ ತಪ್ಪಿಗೆ ಜಾಗ ಬೇಕು, ಬಿಸಿಗೆ ಜಾಗ ಬೇಕು. ಒಂದು ಡಿಗ್ರಿ ಬಿಸಿಯಾದ್ರೆ ಒಂದು ಮೀಟರ್ ಸ್ಟೀಲು ಸುಮಾರು 12 ಮೈಕ್ರಾನ್ ಬೆಳೆಯತ್ತೆ, ಅಲ್ಯೂಮಿನಿಯಂ ಸುಮಾರು 23, ಹಾಗಾಗಿ ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ ಸ್ಟೀಲ್ ಗೇರ್ ಇದ್ರೆ ಬೆಳಿಗ್ಗೆ ಪ್ಲೇ ಒಂದು, ಮಧ್ಯಾಹ್ನ ಇನ್ನೊಂದು. ಜಾಗ ಇಲ್ಲದೇ ಬಿಗಿ ಮಾಡಿದ್ರೆ ಹಲ್ಲು ಉಜ್ಜಿ ಸವೆದು ಕೆಲವೇ ತಿಂಗಳಲ್ಲಿ ಮೊದಲಿಗಿಂತ ಜಾಸ್ತಿ ಪ್ಲೇ ಬರತ್ತೆ.

ಪ್ಲೇ ಬೇಡ ಅಂದ್ರೆ ಪ್ರಿಲೋಡ್ ದಾರಿ ಇದೆ. ಬಾಲ್‌ಸ್ಕ್ರೂನಲ್ಲಿ (ನಟ್ಟಿಗೂ ಸ್ಕ್ರೂಗೂ ನಡುವೆ ಗುಂಡು ಉರುಳೋ ಸ್ಕ್ರೂ) ಎರಡು ನಟ್ ಹಾಕಿ ಮಧ್ಯೆ ಸ್ಪೇಸರ್ ಕೊಟ್ಟು ಒಂದನ್ನೊಂದು ತಳ್ಳೋ ಹಾಗೆ ಮಾಡ್ತಾರೆ, ಇಲ್ಲ ಒಂಚೂರು ದೊಡ್ಡ ಬಾಲ್ ಹಾಕ್ತಾರೆ. ಇದಕ್ಕೂ ಬೆಲೆ ಇದೆ: ಪ್ರಿಲೋಡ್ ಜಾಸ್ತಿ ಆದಷ್ಟೂ ಘರ್ಷಣೆ, ಬಿಸಿ ಜಾಸ್ತಿ, ಬಾಳಿಕೆ ಕಮ್ಮಿ. ಪ್ಲೇ ತೆಗೆದು ಕಚ್ಚೋ ಗುಣ (ನಿಂತಲ್ಲೇ ಹಿಡ್ಕೊಂಡು ತಟ್ಟನೆ ಬಿಡೋದು) ತಂದ್ಕೊಂಡ ಹಾಗೆ. ಎಲ್ಲಿ ನಿಲ್ಲಿಸಬೇಕು ಅನ್ನೋದು ಆ ಮಿಷಿನ್ ಕೆಲಸದ ಮೇಲೆ ಹೋಗತ್ತೆ.

ಗೇರ್‌ಬಾಕ್ಸ್ ಕೊಳ್ಳುವಾಗ ಪ್ಲೇ ಇಷ್ಟು ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ) ಅಂತ ಬರೆದಿರತ್ತೆ, 5 ಆರ್ಕ್‌ಮಿನಿಟ್ ಅಂದ್ರೆ ಏನು ಮಹಾ ಅನ್ಸತ್ತೆ. 300 ಎಂಎಂ ಉದ್ದದ ತೋಳಿನ ತುದಿಯಲ್ಲಿ ಅದು 0.44 ಎಂಎಂ ಆಗತ್ತೆ. ತೋಳು ಉದ್ದ ಆದ್ರೆ ಇನ್ನೂ ಜಾಸ್ತಿ.

ಕಂಟ್ರೋಲರ್‌ನಲ್ಲೇ ಬ್ಯಾಕ್‌ಲ್ಯಾಷ್ ಕಾಂಪೆನ್ಸೇಶನ್ ಇದೆಯಲ್ಲ, ಅದಕ್ಕೆ ನಂಬರ್ ಹಾಕಿದ್ರೆ ಸಾಲ್ದಾ?

ಫಾನುಕ್ ಕಂಪನಿಯ ಕಂಟ್ರೋಲರ್‌ನಲ್ಲಿ 1851 ಪ್ಯಾರಾಮೀಟರ್ ಇದೆ, ಬೇರೆಯವರದ್ರಲ್ಲೂ ಹೆಸರು ಬೇರೆ ಕೆಲಸ ಅದೇ. ದಿಕ್ಕು ಬದಲಾದಾಗಲೆಲ್ಲ ಅಷ್ಟು ಮೈಕ್ರಾನ್ ಹೆಚ್ಚಿಗೆ ತಿರುಗಿಸತ್ತೆ. ಸಣ್ಣ ಪ್ಲೇಗೆ, ಪಾಯಿಂಟಿಂದ ಪಾಯಿಂಟಿಗೆ ಹೋಗಿ ಡ್ರಿಲ್ ಮಾಡೋ ಕೆಲಸಕ್ಕೆ ಒಳ್ಳೇದೇ. ಆದ್ರೆ ಅದು ಅಂತರ ಮುಚ್ಚಲ್ಲ, ದಾಟತ್ತೆ ಅಷ್ಟೇ. ಕಟಿಂಗ್ ಫೋರ್ಸ್ ಟೇಬಲ್‌ನ ಅಂತರದೊಳಗೆ ಆ ಕಡೆ ಈ ಕಡೆ ತಳ್ಳಿದ್ರೆ ಕಂಟ್ರೋಲರ್‌ಗೆ ಗೊತ್ತೇ ಆಗಲ್ಲ. ಮತ್ತೆ ಸ್ಕ್ರೂ ಮಧ್ಯದಲ್ಲಿ ಜಾಸ್ತಿ ಸವೆದಿರತ್ತೆ, ತುದಿಯಲ್ಲಿ ಕಮ್ಮಿ, ನೀವು ಹಾಕಿದ ನಂಬರ್ ಒಂದೇ.

ಹ್ಯಾಂಡ್ ಮಿಲ್ಲಿಂಗ್ ಮಿಷಿನ್‌ನಲ್ಲಿ ಕ್ಲೈಂಬ್ ಮಿಲ್ಲಿಂಗ್ ಮಾಡಬೇಡ ಅಂತ ಹಿರಿಯರು ಹೇಳೋದು ಇದಕ್ಕೇ. ಕಟರ್ ತಿರುಗೋ ದಿಕ್ಕಿಗೇ ಟೇಬಲ್ ಹೋದಾಗ ಕಟರ್ ಜಾಬನ್ನ ಪ್ಲೇ ಇದ್ದಷ್ಟೂ ಒಳಕ್ಕೆ ಎಳ್ಕೊಳತ್ತೆ, ಹಲ್ಲು ಮುರಿಯತ್ತೆ, ಕೆಲವು ಸಲ ಕೈಗೂ ಬರತ್ತೆ. ದಯವಿಟ್ಟು ಇದನ್ನ ಹಗುರ ಮಾಡ್ಕೋಬೇಡಿ. ಲೇತ್‌ನಲ್ಲಿ ಹಳೇ ಟರ್ನರ್‌ಗಳು ಡಯಲ್ ದಾಟಿಹೋದ್ರೆ ಸುಮ್ನೆ ಹಿಂದಕ್ಕೆ ತಿರುಗಿಸಲ್ಲ, ಅರ್ಧ ಸುತ್ತು ಪೂರ್ತಿ ಹಿಂದೆ ಹೋಗಿ ಮತ್ತೆ ಅದೇ ದಿಕ್ಕಿಂದ ಮುಂದೆ ಬರ್ತಾರೆ, ಆಗ ಪ್ಲೇ ಯಾವಾಗಲೂ ಒಂದೇ ಮಗ್ಗುಲಲ್ಲಿ ಇರತ್ತೆ. ಯಾವ ಪ್ಯಾರಾಮೀಟರ್‌ಗೂ ಕಮ್ಮಿ ಇಲ್ಲದ ವಿದ್ಯೆ ಅದು.

ಸ್ಟೀಲ್ ಶಾಫ್ಟ್ ಅಷ್ಟೊಂದು ತಿರುಚುತ್ತಾ? ನಂಬಕ್ಕಾಗಲ್ಲ.

ಲೆಕ್ಕ ಹಾಕೋಣ. 20 ಎಂಎಂ ದಪ್ಪ, ಅರ್ಧ ಮೀಟರ್ ಉದ್ದದ ಸ್ಟೀಲ್ ಶಾಫ್ಟಿಗೆ 10 ನ್ಯೂಟನ್ ಮೀಟರ್ ಟಾರ್ಕ್ ಕೊಟ್ರೆ ಸುಮಾರು 0.23 ಡಿಗ್ರಿ ತಿರುಚತ್ತೆ. ಅದರ ತುದಿಯಲ್ಲಿ 200 ಎಂಎಂ ವ್ಯಾಸದ ಡಿಸ್ಕ್ ಇದ್ರೆ ಅಂಚಲ್ಲಿ 0.4 ಎಂಎಂ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಬಿಗಿ ಮಾಡೋ ಟಾರ್ಕ್ ಅದು, ದೊಡ್ಡದೇನಲ್ಲ. ಶಾಫ್ಟ್ 30 ಎಂಎಂ ಮಾಡಿದ್ರೆ ಐದು ಪಟ್ಟು ಗಟ್ಟಿ, ಯಾಕಂದ್ರೆ ದಪ್ಪದ ನಾಲ್ಕನೇ ಘಾತಕ್ಕೆ ಹೋಗತ್ತೆ. ಉದ್ದ ಅರ್ಧ ಮಾಡಿದ್ರೆ ಎರಡು ಪಟ್ಟು ಅಷ್ಟೇ. ಹಾಗಾಗಿ ದಪ್ಪದಲ್ಲಿ ಕಂಜೂಸ್ ಮಾಡಬೇಡಿ.

ಬಾಲ್‌ಸ್ಕ್ರೂ ಉದ್ದಕ್ಕೂ ಹಿಗ್ಗತ್ತೆ. 32 ಎಂಎಂ ಸ್ಕ್ರೂನ ತೋಡಿನ ತಳದ ವ್ಯಾಸ 27 ಅಂತ ಇಟ್ಕೊಳ್ಳಿ, ಒಂದೇ ಕಡೆ ಹಿಡಿದಿದ್ದು ನಟ್ ಒಂದು ಮೀಟರ್ ದೂರದಲ್ಲಿದ್ರೆ 1000 ನ್ಯೂಟನ್‌ಗೆ ಹತ್ತಿರ ಹತ್ತಿರ 8.5 ಮೈಕ್ರಾನ್. ಅದೇ ಸ್ಕ್ರೂನ ಎರಡೂ ತುದಿ ಬಿಗಿಯಾಗಿ ಹಿಡಿದ್ರೆ ಮಧ್ಯದಲ್ಲಿ, ಅಂದ್ರೆ ಅತಿ ಮೆತ್ತಗಿರೋ ಜಾಗದಲ್ಲೂ, ಇದರ ನಾಲ್ಕು ಪಟ್ಟು ಗಟ್ಟಿ.

ಗೇನ್ ಸ್ವಲ್ಪ ಏರಿಸಿದ್ರೆ ಗುಂಯ್ ಅಂತ ಕೂಗತ್ತೆ. ಡ್ರೈವ್ ಹಾಳಾಗಿದ್ಯಾ?

ಬಹುಮಟ್ಟಿಗೆ ಡ್ರೈವ್ ಚೆನ್ನಾಗೇ ಇರತ್ತೆ. ಮೋಟರ್ ಒಂದು ತೂಕ, ಲೋಡ್ ಒಂದು ತೂಕ, ನಡುವೆ ಶಾಫ್ಟೋ ಬೆಲ್ಟೋ ಕಪ್ಲಿಂಗೋ ಅನ್ನೋ ಸ್ಪ್ರಿಂಗು. ಹೀಗೆ ಎರಡು ತೂಕ ಒಂದು ಸ್ಪ್ರಿಂಗ್ ಇದ್ದಲ್ಲೆಲ್ಲ ಎರಡು ಫ್ರೀಕ್ವೆನ್ಸಿ ಹುಟ್ಟತ್ತೆ. ಒಂದರಲ್ಲಿ ಲೋಡು ತೂಗಾಡ್ತಾ ಇದ್ರೂ ಮೋಟರ್ ಬಹುತೇಕ ಅಲ್ಲಾಡಲ್ಲ, ಅದಕ್ಕೆ ಆಂಟಿ ರೆಸೊನೆನ್ಸ್ ಅಂತಾರೆ. ಅದಕ್ಕಿಂತ ಮೇಲಿನ ಇನ್ನೊಂದರಲ್ಲಿ ಎರಡೂ ಎದುರುಬದುರು ದಿಕ್ಕಿಗೆ ಕುಣಿಯತ್ತೆ, ಅದು ರೆಸೊನೆನ್ಸು.

ಮೇಲಿನ ಶಾಫ್ಟನ್ನೇ ತಗೊಳ್ಳಿ. ಅದರ ಗಟ್ಟಿತನ ರೇಡಿಯನ್‌ಗೆ ಸುಮಾರು 2500 ನ್ಯೂಟನ್ ಮೀಟರ್, ತುದಿಯ ಡಿಸ್ಕ್ 20 ಕೆಜಿ ಇದ್ರೆ ಇನರ್ಷಿಯಾ (ತಿರುಗಿಸೋಕೆ ಹೋದ್ರೆ ಒಡ್ಡೋ ಜಡತ್ವ) 0.1 ಕೆಜಿ ಮೀಟರ್ ವರ್ಗ, ಮೋಟರ್‌ದು 0.01 ಅಂತಿಟ್ಕೊಳ್ಳಿ. ಗಟ್ಟಿತನಾನ ಇನರ್ಷಿಯಾದಿಂದ ಭಾಗಿಸಿ ವರ್ಗಮೂಲ ತೆಗೆದು 6.28ರಿಂದ ಭಾಗಿಸಿದ್ರೆ ಆಂಟಿ ರೆಸೊನೆನ್ಸ್ 25 ಹರ್ಟ್ಜ್ ಬರತ್ತೆ, ಎರಡೂ ಇನರ್ಷಿಯಾನ ಗುಣಿಸಿ ಎರಡರ ಮೊತ್ತದಿಂದ ಭಾಗಿಸಿದ್ದನ್ನ ಇನರ್ಷಿಯಾ ಜಾಗದಲ್ಲಿ ಇಟ್ಟು ಅದೇ ಲೆಕ್ಕ ಹಾಕಿದ್ರೆ ರೆಸೊನೆನ್ಸ್ 84 ಹರ್ಟ್ಜ್. ಗೇನ್ ಏರಿಸ್ತಾ ಹೋದ್ರೆ ಸರ್ವೋ ಆ 84ರ ಹತ್ರದ ಕುಣಿತಕ್ಕೆ ತಾನೇ ತಾಳ ಹಾಕೋಕೆ ಶುರು ಮಾಡತ್ತೆ, ಕೇಳ್ಸೋ ಗುಂಯ್ ಅದೇ. ನನ್ನ ಅನುಭವದಲ್ಲಿ ಪೊಸಿಷನ್ ಲೂಪಿನ (ಜಾಗ ಅಳೆದು ತಪ್ಪು ತಿದ್ದೋ ಸುತ್ತು) ವೇಗ ಆಂಟಿ ರೆಸೊನೆನ್ಸಿನ ಮೂರನೇ ಒಂದು ಭಾಗ ದಾಟಿಸಿದ್ರೆ ನೆಮ್ಮದಿ ಇಲ್ಲ. ಇಲ್ಲಿ 8 ಹರ್ಟ್ಜ್‌ಗೆ ನಿಲ್ಲಿಸಬೇಕು. ಸಾಲ್ದು ಅಂದ್ರೆ ಶಾಫ್ಟ್ 30 ಎಂಎಂ ಮಾಡಿ, 25 ಹೋಗಿ 57 ಆಗತ್ತೆ, ಗೇನ್‌ಗೆ ತಾನಾಗೇ ಜಾಗ ಸಿಗತ್ತೆ.

ಫ್ರೀಕ್ವೆನ್ಸಿ ತಿಳ್ಕೊಳ್ಳೋಕೆ ದುಬಾರಿ ಸಾಮಾನು ಬೇಡ. ಕೂಗೋ ಸದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿ ಸ್ಪೆಕ್ಟ್ರಮ್ ತೋರ್ಸೋ ಆಪ್‌ನಲ್ಲಿ ನೋಡಿ, ಎತ್ತರದ ಕಂಬ ಎಲ್ಲಿದ್ಯೋ ಅದೇ. ಕೆಳಗಿನ ಫ್ರೀಕ್ವೆನ್ಸಿಗೆ ಫೋನನ್ನೇ ಟೇಬಲ್‌ಗೆ ಟೇಪ್ ಹಾಕಿ ಅಂಟಿಸಿ ರಬ್ಬರ್ ಸುತ್ತಿಗೆಯಿಂದ ಒಂದು ತಟ್ಟಿ, ಅದರ ಆಕ್ಸಿಲರೋಮೀಟರ್ ತೋರಿಸತ್ತೆ.

ನಿಂತಾಗ ಗುಂಯ್ ಅನ್ನತ್ತೆ, ಓಡುವಾಗ ಸುಮ್ನಿರತ್ತೆ. ಇದೇನು ವಿಚಿತ್ರ?

ಈ ಪ್ರಶ್ನೆ ಕೇಳಿದ್ರೆ ನಂಗೆ ಖುಷಿ, ಯಾಕಂದ್ರೆ ಕೇಳಿದೋರು ಚೆನ್ನಾಗಿ ಗಮನಿಸಿದಾರೆ ಅಂತ. ಓಡುವಾಗ, ಕಟಿಂಗ್ ಆಗುವಾಗ ಗೇರ್ ಹಲ್ಲು ಒಂದು ಮಗ್ಗುಲಿಗೆ ಒತ್ಕೊಂಡಿರತ್ತೆ, ಮೋಟರ್‌ಗೆ ಲೋಡು ಸೇರಿ ಒಟ್ಟು ಇನರ್ಷಿಯಾ 0.11 ಕಾಣತ್ತೆ. ನಿಂತಾಗ ಹಲ್ಲು ಅಂತರದ ನಡುವೆ ತೇಲತ್ತೆ, ಆಗ ಮೋಟರ್‌ಗೆ ಕಾಣೋದು ತನ್ನ 0.01 ಮಾತ್ರ. ಅಂದ್ರೆ ನೀವು ಏನೂ ಮುಟ್ಟದೇನೇ ಗೇನ್ ಹನ್ನೊಂದು ಪಟ್ಟು ಏರಿದ ಹಾಗೆ. ಮೋಟರ್ ಅಂತರದ ಆ ಗೋಡೆಗೆ ಈ ಗೋಡೆಗೆ ಬಡ್ಕೊಂಡು ಟರ್ರ್ ಅನ್ನತ್ತೆ.

ಗೇನ್ ಇಳಿಸಿದ್ರೆ ಸದ್ದು ನಿಲ್ಲತ್ತೆ, ಓಡುವಾಗ ಸೋಮಾರಿ ಆಗತ್ತೆ. ಕೆಲವು ಡ್ರೈವ್‌ನಲ್ಲಿ ನಿಂತಾಗ ಬೇರೆ ಗೇನ್, ಓಡುವಾಗ ಬೇರೆ ಗೇನ್ ಕೊಡಬಹುದು, ಸದ್ಯಕ್ಕೆ ಅದು ನಡೆಯತ್ತೆ. ಗೇರ್‌ಬಾಕ್ಸ್ ಸರಿ ಮಾಡಿಸೋದೇ ನಿಜವಾದ ರಿಪೇರಿ.

ನಾಚ್ ಫಿಲ್ಟರ್ ಹಾಕಿದ್ರೆ ಎಲ್ಲಾ ಸರಿ ಹೋಗಲ್ವಾ?

ನಾಚ್ ಅಂದ್ರೆ ಒಂದು ಫ್ರೀಕ್ವೆನ್ಸಿಯನ್ನ ಮಾತ್ರ ಆಜ್ಞೆಯಿಂದ ಕತ್ತರಿಸಿ ತೆಗೆಯೋ ಫಿಲ್ಟರ್. ರೆಸೊನೆನ್ಸ್ ಒಂದೇ ಕಡೆ ಅಲ್ಲಾಡದೇ ಇದ್ರೆ ಚೆನ್ನಾಗಿ ಕೆಲಸ ಮಾಡತ್ತೆ. ಆದ್ರೆ ಟೇಬಲ್ ಸರಿದ ಹಾಗೆ ಸ್ಕ್ರೂನ ಗಟ್ಟಿತನ ಬದಲಾಗತ್ತೆ, ಜಾಬ್ ತೂಕ ಬದಲಾಗತ್ತೆ, ಫ್ರೀಕ್ವೆನ್ಸಿ ಅದರ ಜೊತೆ ಓಡಾಡತ್ತೆ, ನಾಚ್ ಮಾತ್ರ ಹಾಕಿದಲ್ಲೇ ಇರತ್ತೆ. ಅಗಲ ಮಾಡಿದ್ರೆ ಅದರ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಫೇಸ್ ತಡ ಆಗಿ (ಸರ್ವೋ ತಿದ್ದೋದು ಹಿಂದೆ ಬಿದ್ದು) ಲೂಪೇ ದುರ್ಬಲ ಆಗತ್ತೆ. ಒಂದು ನಾಚ್ ಸರಿ, ಎರಡು ಪರವಾಗಿಲ್ಲ, ನಾಲ್ಕು ಹಾಕಿದೀವಿ ಅಂದ್ರೆ ಮಿಷಿನ್ ಬಿಚ್ಚಿ ನೋಡಿ.

ತುಂಬಾ ನಿಧಾನ ಓಡಿಸಿದ್ರೆ ತಡೆದು ತಡೆದು ಹಾರತ್ತೆ. ವೇಗ ಜಾಸ್ತಿ ಮಾಡಿದ್ರೆ ನುಣ್ಣಗೆ ಹೋಗತ್ತೆ. ಯಾಕೆ?

ಊರ ಜಾತ್ರೆಯಲ್ಲಿ ತೇರು ಎಳೆದಿರೋರಿಗೆ ಇದನ್ನ ಹೇಳ್ಕೊಡಬೇಕಾಗಿಲ್ಲ. ನೂರಾರು ಜನ ಮಿಣಿ ಹಿಡಿದು ಎಳೀತಾರೆ, ಹಗ್ಗ ಬಿಗಿಯಾಗತ್ತೆ, ಹಿಗ್ಗತ್ತೆ, ತೇರು ಅಲ್ಲಾಡಲ್ಲ. ಹಿಂದಿಂದ ಚಕ್ರಕ್ಕೆ ಸನ್ನೆ ಹಾಕಿ ಮೀಟ್ತಾರೆ. ತಟ್ಟನೆ ಕಿತ್ಕೊಂಡು ಹೊರಡತ್ತೆ, ಹೊರಟ ಮೇಲೆ ಅಷ್ಟು ಎಳೆಯೋದೇ ಬೇಡ, ಹಗ್ಗ ಸಡಿಲ ಬೀಳತ್ತೆ, ಮತ್ತೆ ನಿಂತ್ಕೊಳತ್ತೆ, ಮತ್ತೆ ಮೊದಲಿಂದ. ನಿಂತಿರೋದನ್ನ ಕದಲಿಸೋ ಘರ್ಷಣೆ ಜಾಸ್ತಿ, ಓಡ್ತಿರೋದರ ಘರ್ಷಣೆ ಕಮ್ಮಿ, ನಡುವೆ ಹಿಗ್ಗೋ ಹಗ್ಗ. ಈ ಮೂರೂ ಸೇರಿದ್ರೆ ಸ್ಟಿಕ್ ಸ್ಲಿಪ್. ಮಿಷಿನ್‌ನಲ್ಲಿ ಸ್ಲೈಡು ತೇರು, ಸ್ಕ್ರೂ ಮಿಣಿ.

ವೇಗ ಜಾಸ್ತಿ ಆದಾಗ ಯಾಕೆ ನುಣ್ಣಗಾಗತ್ತೆ ಅನ್ನೋದನ್ನ ಜರ್ಮನಿಯ ರಿಚರ್ಡ್ ಸ್ಟ್ರಿಬೆಕ್ 1902ರಲ್ಲೇ ಬೇರಿಂಗ್‌ಗಳ ಮೇಲೆ ಅಳತೆ ಮಾಡಿ ತೋರಿಸಿದ್ರು. ನಿಧಾನ ಇದ್ದಾಗ ಲೋಹಕ್ಕೆ ಲೋಹ ಮುಟ್ಟತ್ತೆ, ವೇಗ ಏರಿದಂತೆ ನಡುವೆ ಎಣ್ಣೆ ಪದರ ಎದ್ದು ನಿಲ್ಲತ್ತೆ, ಘರ್ಷಣೆ ಇಳಿಯತ್ತೆ, ಇನ್ನೂ ಏರಿಸಿದ್ರೆ ಎಣ್ಣೆಯ ಜಿಗುಟಿಂದಾನೇ ಮತ್ತೆ ಏರತ್ತೆ. ವೇಗ ಏರಿದಂತೆ ಘರ್ಷಣೆ ಇಳಿಯೋ ಆ ಇಳಿಜಾರೇ ಅಪಾಯದ ಜಾಗ. ಅದಕ್ಕೇ ಘರ್ಷಣೆಗೆ ಒಂದೇ ನಂಬರ್ ಕೊಡಕ್ಕಾಗಲ್ಲ. 1995ರಲ್ಲಿ ಸ್ವೀಡನ್ನಿನ ಲುಂಡ್ ಮತ್ತು ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಸೇರಿ ಮಾಡಿದ ಲೂಗ್ರೆ ಮಾಡೆಲ್ ಎರಡು ಮೇಲ್ಮೈ ನಡುವೆ ಸಣ್ಣ ಸಣ್ಣ ಬ್ರಷ್ ಕೂದಲು ಬಾಗೋ ಹಾಗೆ ಘರ್ಷಣೆನ ನೋಡತ್ತೆ, ಸಿಮ್ಯುಲೇಶನ್ ಮಾಡೋರು ಇವತ್ತಿಗೂ ಅದನ್ನ ಬಳಸ್ತಾರೆ.

ಶಾಪಲ್ಲಿ ಮಾಡೋದಾದ್ರೆ ಮೊದಲು ಎಣ್ಣೆ. ಸ್ಲೈಡ್‌ವೇ ಆಯಿಲ್ಲೇ ಹಾಕಿ, 68 ಗ್ರೇಡ್, ಹೈಡ್ರಾಲಿಕ್ ಆಯಿಲ್ ಉಳಿದಿದೆ ಅಂತ ಅದನ್ನ ಹಾಕಬೇಡಿ. ಲೈನ್ ಬ್ಲಾಕ್ ಆಗಿದ್ಯಾ ನೋಡಿ, ಗಿಬ್ (ಸ್ಲೈಡಿನ ಸಡಿಲ ಹೊಂದಿಸೋ ಪಟ್ಟಿ) ಅತಿ ಬಿಗಿ ಇದ್ಯಾ ನೋಡಿ. ಹಳೇ ಬಾಕ್ಸ್ ವೇ (ಚೌಕ ಹಳಿ ಮೇಲೆ ಸ್ಲೈಡ್ ನೇರ ಜಾರೋ ಥರದ್ದು) ಆದ್ರೆ ಸ್ಲೈಡ್ ತಳಕ್ಕೆ ಟರ್ಸೈಟ್ ಅನ್ನೋ ಪ್ಲಾಸ್ಟಿಕ್ ಹಾಳೆ ಅಂಟಿಸಿ ಸ್ಕ್ರೇಪ್ ಮಾಡಿಸಿದ್ರೆ ಹಗಲು ರಾತ್ರಿ ವ್ಯತ್ಯಾಸ, ಅದರಲ್ಲಿ ಹೊರಡುವಾಗಿನ ಘರ್ಷಣೇಗೂ ಓಡುವಾಗಿಂದಕ್ಕೂ ಅಂತರ ತುಂಬಾ ಕಮ್ಮಿ.

ಪೊಸಿಷನ್‌ಗೆ ಬಂದು ನಿಂತ ಮೇಲೂ ಎರಡು ಸೆಕೆಂಡಿಗೊಂದು ಸಲ ಟುಕ್ ಟುಕ್ ಅಂತ ಅಲ್ಲಾಡ್ತಾ ಇರತ್ತೆ.

ಹಂಟಿಂಗ್ ಅದು. ಟೇಬಲ್ 3 ಮೈಕ್ರಾನ್ ಹಿಂದೆ ಕಚ್ಕೊಂಡು ನಿಂತಿದೆ, ಪಿಐಡಿಯ (ಸರ್ವೋ ತಪ್ಪು ತಿದ್ದೋ ಲೆಕ್ಕ) ಇಂಟಿಗ್ರಲ್ ಭಾಗ ಆ 3 ಮೈಕ್ರಾನ್‌ನ ಕೂಡಿಸ್ಕೊಂಡೇ ಹೋಗತ್ತೆ, ಟಾರ್ಕ್ ನಿಧಾನಕ್ಕೆ ಏರತ್ತೆ, ಕಡೆಗೆ ಕಿತ್ಕೊಂಡು ಆ ಕಡೆ 3 ಮೈಕ್ರಾನ್ ದಾಟಿ ನಿಲ್ಲತ್ತೆ, ಈಗ ಉಲ್ಟಾ ಶುರು. ಇಂಟಿಗ್ರಲ್ ಕಮ್ಮಿ ಮಾಡಿ, ಇಲ್ಲ ತಪ್ಪು 2-3 ಮೈಕ್ರಾನ್ ಒಳಗೆ ಬಂದ್ರೆ ಇಂಟಿಗ್ರಲ್ ನಿಲ್ಲೋ ಹಾಗೆ ಇಡಿ. ಘರ್ಷಣೆ ಕಮ್ಮಿ ಮಾಡಿದ್ರೆ ಇದ್ಯಾವುದೂ ಬೇಡ.

ಮೋಟರ್ ಎನ್‌ಕೋಡರ್ ನಂಬದೇ ಟೇಬಲ್‌ಗೇ ಲೀನಿಯರ್ ಸ್ಕೇಲ್ ಹಾಕಿದ್ರೆ?

ಎನ್‌ಕೋಡರ್ ಮೋಟರ್ ತಿರುಗಿದ್ದನ್ನ ಅಳೆಯತ್ತೆ, ಸ್ಕೇಲ್ ಟೇಬಲ್ ಸರಿದದ್ದನ್ನೇ ನೇರ ಅಳೆಯತ್ತೆ, ಹಾಗಾಗಿ ನಿಖರತೆ ಬರತ್ತೆ. ಸ್ಕ್ರೂ ಬಿಸಿಯಾಗಿ ಬೆಳೆದದ್ದು, ಪಿಚ್ ತಪ್ಪು ಎಲ್ಲಾ ಸ್ಕೇಲ್‌ಗೆ ಕಾಣತ್ತೆ. ಆದ್ರೆ ಪ್ಲೇ ಇಟ್ಕೊಂಡು ಸ್ಕೇಲ್ ಹಾಕಿದ್ರೆ ಅಂತರ ಲೂಪಿನ ಒಳಗೇ ಬಂತು, ಟೇಬಲ್ ಸ್ವಲ್ಪ ಆಚೀಚೆ ಆದ್ರೆ ಸರ್ವೋ ಸರಿ ಮಾಡೋಕೆ ಹೋಗತ್ತೆ, ಅಂತರ ದಾಟೋವರೆಗೆ ಏನೂ ಆಗಲ್ಲ, ದಾಟಿದ ಮೇಲೆ ಜಾಸ್ತಿ ಆಗತ್ತೆ, ಮುಗಿಯದ ಕುಣಿತ. ವೆಲಾಸಿಟಿಗೆ ಮೋಟರ್ ಎನ್‌ಕೋಡರ್, ಪೊಸಿಷನ್‌ಗೆ ಸ್ಕೇಲ್ ಅಂತ ಎರಡನ್ನೂ ಬಳಸಿ, ಅದಕ್ಕೂ ಮೊದಲು ಪ್ಲೇ ತೆಗೀರಿ. ಸ್ಕೇಲ್‌ಗೆ ಖರ್ಚು ಮಾಡೋಕೆ ಮುಂಚೆ ಇದನ್ನ ಹೇಳೋ ಸಪ್ಲಯರ್ ನಂಗಿನ್ನೂ ಸಿಕ್ಕಿಲ್ಲ, ಅದು ಬೇಜಾರಿನ ವಿಷಯ.

ಹಾರ್ಮೋನಿಕ್ ಡ್ರೈವ್‌ಗೆ ಪ್ಲೇ ಇಲ್ವಂತೆ. ಅದನ್ನೇ ಎಲ್ಲಾ ಕಡೆ ಹಾಕಬಹುದಲ್ಲ?

ಅಮೆರಿಕದ ವಾಲ್ಟನ್ ಮಸ್ಸರ್ ಕಂಡುಹಿಡಿದು 1959ರಲ್ಲಿ ಪೇಟೆಂಟ್ ಪಡೆದ ಈ ಗೇರು ನಿಜಕ್ಕೂ ಚಂದ. ತೆಳುವಾದ ಸ್ಟೀಲ್ ಬಟ್ಟಲಿನ ಹೊರಗೆ 200 ಹಲ್ಲು, ಅದರ ಸುತ್ತ ಗಟ್ಟಿ ಉಂಗುರದೊಳಗೆ 202 ಹಲ್ಲು, ಒಳಗಿಂದ ಮೊಟ್ಟೆಯಾಕಾರದ ತುಂಡು ತಿರುಗ್ತಾ ಬಟ್ಟಲನ್ನ ಎರಡು ಕಡೆ ಒತ್ತತ್ತೆ. ಆ ತುಂಡು ಒಂದು ಸುತ್ತು ಬಂದ್ರೆ ಬಟ್ಟಲು ಎರಡು ಹಲ್ಲಿನಷ್ಟು ಮಾತ್ರ ಜರುಗತ್ತೆ, ಒಂದೇ ಹೆಜ್ಜೆಯಲ್ಲಿ 100ಕ್ಕೆ 1. 1971ರಲ್ಲಿ ಅಪೋಲೋ 15ರವರು ಚಂದ್ರನ ಮೇಲೆ ಓಡಿಸಿದ ಗಾಡಿಯ ಚಕ್ರಗಳಲ್ಲಿ ಇದೇ ಇತ್ತು, 80ಕ್ಕೆ 1.

ಪ್ಲೇ ಇಲ್ಲ ಅನ್ನೋದು ನಿಜ, ಆದ್ರೆ ಬಟ್ಟಲು ಬಾಗೋದ್ರಿಂದಾನೇ ಅದು ಕೆಲಸ ಮಾಡೋದು, ಹಾಗಾಗಿ ಬಳುಕು ಇದ್ದೇ ಇರತ್ತೆ. ಆ ಬಳುಕೂ ನೆಟ್ಟಗಿಲ್ಲ, ಟಾರ್ಕ್ ಕಮ್ಮಿ ಇದ್ದಾಗ ಮೆತ್ತಗೆ, ಏರಿದಂತೆ ಗಟ್ಟಿ, ಕ್ಯಾಟಲಾಗ್‌ನಲ್ಲಿ ಗಟ್ಟಿತನಕ್ಕೆ ಮೂರು ನಂಬರ್ ಕೊಟ್ಟಿರೋದು ಅದಕ್ಕೇ. ಜೊತೆಗೆ ಮೋಟರ್‌ನ ಪ್ರತಿ ಸುತ್ತಿಗೆ ಎರಡು ಸಲ ಸಣ್ಣ ತಪ್ಪು ಬರತ್ತೆ. ರೋಬೋ ತೋಳಿನ ಸ್ವಂತ ಫ್ರೀಕ್ವೆನ್ಸಿ 20 ಹರ್ಟ್ಜ್ ಇದ್ರೆ ಮೋಟರ್ 600 ಆರ್‌ಪಿಎಂನಲ್ಲಿ ತಿರುಗುವಾಗ ಆ ತಪ್ಪು ಸರಿಯಾಗಿ 20 ಹರ್ಟ್ಜ್‌ಗೆ ಬಂದು ತೋಳನ್ನ ನಡುಗಿಸತ್ತೆ, 500ರಲ್ಲೂ ಸುಮ್ನೆ, 700ರಲ್ಲೂ ಸುಮ್ನೆ. "ಒಂದೇ ಒಂದು ಸ್ಪೀಡಲ್ಲಿ ಮಾತ್ರ ನಡುಗತ್ತೆ" ಅಂತ ಯಾರಾದ್ರೂ ಅಂದ್ರೆ ನಾನು ಮೊದಲು ಕೇಳೋದು ಇದನ್ನೇ.

ಬಳುಕು ಯಾವಾಗಲೂ ಕೆಟ್ಟದ್ದೇನಾ?

ಅಲ್ಲ. ಬೈಕಿನ ಹಿಂದಿನ ಚಕ್ರದ ಹಬ್ಬಲ್ಲಿ ಕುಶ್ ರಬ್ಬರ್ ಇರತ್ತೆ, ಕ್ಲಚ್ ಪ್ಲೇಟಿನ ಮಧ್ಯೆ ಸ್ಪ್ರಿಂಗ್ ಇರತ್ತೆ, ಎಂಜಿನ್ನಿನ ಒಂದೊಂದು ಬಡಿತಾನೂ ನೇರ ಗೇರ್ ಹಲ್ಲಿಗೆ ಹೋಗದೇ ಇರಲಿ ಅಂತ ಬೇಕಂತಲೇ ಇಟ್ಟ ಬಳುಕು ಅದು. ಕುಶ್ ರಬ್ಬರ್ ಸವೆದ್ರೆ ಅಲ್ಲಿ ಬಳುಕು ಹೋಗಿ ಪ್ಲೇ ಬರತ್ತೆ, ಆಕ್ಸಲರೇಟರ್ ಬಿಟ್ಟು ಹಿಡಿದಾಗ ಟಕ್ ಅನ್ನತ್ತೆ, ಚೈನು, ಸ್ಪ್ರಾಕೆಟ್ಟು ಬೇಗ ಹೋಗತ್ತೆ. ರಬ್ಬರ್‌ಗೆ ಆಗೋ ಖರ್ಚು ಚೈನ್ ಸೆಟ್ಟಿನ ಮುಂದೆ ಏನೂ ಅಲ್ಲ.

ಬಸ್ಸು ಲಾರಿಯ ಪ್ರೊಪೆಲರ್ ಶಾಫ್ಟ್‌ದು ಇನ್ನೊಂದು ಕಥೆ. ಯೂನಿವರ್ಸಲ್ ಜಾಯಿಂಟ್ ಕೋನದಲ್ಲಿದ್ರೆ ಒಳಗಿನ ವೇಗ ಸಮ ಇದ್ರೂ ಹೊರಗಿನ ವೇಗ ಸುತ್ತಿಗೆ ಎರಡು ಸಲ ಏರಿಳಿಯತ್ತೆ, 10 ಡಿಗ್ರಿಗೆ ಆಚೀಚೆ 1.5 ಪರ್ಸೆಂಟ್, 30 ಡಿಗ್ರಿಗೆ 0.87ರಿಂದ 1.15ರ ತನಕ. ಎರಡು ಜಾಯಿಂಟ್ ಹಾಕಿ ಎರಡೂ ಯೋಕ್ ಒಂದೇ ಸಾಲಲ್ಲಿ, ಎರಡೂ ಕೋನ ಸಮವಾಗಿ ಇಟ್ರೆ ಒಂದರ ತಪ್ಪು ಇನ್ನೊಂದು ಹೊಡೆದುಹಾಕತ್ತೆ. ಶಾಫ್ಟ್ ಬಿಚ್ಚಿ ಜೋಡಿಸುವಾಗ ಬಾಣದ ಗುರುತು ನೋಡದೇ ಸ್ಪ್ಲೈನ್ ತಪ್ಪಿಸಿ ಕೂರಿಸಿದ್ರೆ ಇಡೀ ಗಾಡಿ ನಡುಗತ್ತೆ, ಆಮೇಲೆ ವೀಲ್ ಬ್ಯಾಲೆನ್ಸಿಂಗ್ ಎಷ್ಟು ಮಾಡಿಸಿದ್ರೂ ಹೋಗಲ್ಲ.

ತೋಳು ಉದ್ದ, ಮೆತ್ತಗಿದೆ, ಗಟ್ಟಿ ಮಾಡೋ ಹಾಗಿಲ್ಲ. ನಿಂತ ಮೇಲೆ ತೂಗಾಡೋದು ತಪ್ಪಿಸೋದು ಹೇಗೆ?

ಆಗ ಆಜ್ಞೆ ಕೊಡೋ ರೀತಿ ಬದಲಾಯಿಸಬೇಕು. ಕ್ರೇನ್ ಆಪರೇಟರ್ ಕೈಗೆ ಇದು ಗೊತ್ತು: ಸ್ವಲ್ಪ ಎಳೆದು, ಹುಕ್ಕು ತೂಗಿ ಮುಂದೆ ಬರೋ ಹೊತ್ತಿಗೆ ಇನ್ನೊಂದು ಸ್ವಲ್ಪ ಎಳೆದ್ರೆ ತೂಗೋದು ನಿಲ್ಲತ್ತೆ. ಇದನ್ನೇ 1957ರಲ್ಲಿ ಓ. ಜೆ. ಎಂ. ಸ್ಮಿತ್ ಪಾಸಿಕಾಸ್ಟ್ ಅಂತ ಬರೆದ್ರು, 1990ರಲ್ಲಿ ಸಿಂಗರ್ ಮತ್ತು ಸೀರಿಂಗ್ ಇನ್‌ಪುಟ್ ಶೇಪಿಂಗ್ ಅಂತ ಗಟ್ಟಿ ಮಾಡಿದ್ರು. ತೋಳು 10 ಹರ್ಟ್ಜ್‌ನಲ್ಲಿ ತೂಗಿದ್ರೆ ಆಜ್ಞೆಯ ಅರ್ಧ ಈಗ, ಇನ್ನರ್ಧ 50 ಮಿಲಿಸೆಕೆಂಡ್ ಆದ್ಮೇಲೆ. ಮೊದಲರ್ಧ ಎಬ್ಬಿಸಿದ ಅಲೆಯನ್ನ ಎರಡನೇ ಅರ್ಧ ಅಳಿಸತ್ತೆ. ಕ್ಲಿಪ್ಪರ್ ಅನ್ನೋ ಸಾಫ್ಟ್‌ವೇರ್ ಹಾಕಿರೋ 3ಡಿ ಪ್ರಿಂಟರ್‌ಗಳು ಮೂಲೆ ಹತ್ರ ಬರೋ ಅಲೆ ಗುರುತನ್ನ ತೆಗೆಯೋದು ಹೀಗೇ.

ಬಾಹ್ಯಾಕಾಶದಲ್ಲಿ ಬಳುಕು ಬಿಟ್ಟು ಬೇರೆ ದಾರಿನೇ ಇಲ್ಲ, ತೂಕ ಕಮ್ಮಿ ಇರಲೇಬೇಕು. 1981ರಲ್ಲಿ ಮೊದಲು ಹಾರಿದ ಶಟಲ್‌ನ ಕೆನಡಾರ್ಮ್ 15 ಮೀಟರ್ ಉದ್ದ. 1990ರಲ್ಲಿ ಹಾರಿದ ಹಬಲ್ ಟೆಲಿಸ್ಕೋಪಿನ ಸೋಲಾರ್ ರೆಕ್ಕೆಗಳು ನೆರಳಿಂದ ಬಿಸಿಲಿಗೆ, ಬಿಸಿಲಿಂದ ನೆರಳಿಗೆ ದಾಟುವಾಗಲೆಲ್ಲ ಬಾಗಿ ಇಡೀ ದೂರದರ್ಶಕಾನ ನಡುಗಿಸ್ತಿದ್ವು, 1993ರಲ್ಲಿ ಗಗನಯಾತ್ರಿಗಳು ಹೋಗಿ ಬದಲಾಯಿಸಿದ್ರು.

ಲಂಬ ಆಕ್ಸಿಸ್‌ನಲ್ಲಿ ಪ್ಲೇ ಕಾಣಲ್ಲ. ಒಳ್ಳೇದಲ್ವಾ?

ತೂಕ ಯಾವಾಗಲೂ ಕೆಳಕ್ಕೇ ಒತ್ತೋದ್ರಿಂದ ಕಾಣಲ್ಲ ಅಷ್ಟೇ, ಇಲ್ಲ ಅಂತಲ್ಲ. ಡ್ರಿಲ್ ಕೆಳಗಿಂದ ಮೇಲಕ್ಕೆ ತಳ್ಳಿದಾಗ, ಇಲ್ಲ ಕೌಂಟರ್‌ವೇಟ್ ಸರಿಸಮ ಆದಾಗ ಹೊರಗೆ ಬರತ್ತೆ. ಟೆಲಿಸ್ಕೋಪ್ ಇಟ್ಕೊಂಡಿರೋ ಹವ್ಯಾಸಿಗಳು ಒಂದು ಕಡೆಗೆ ಒಂಚೂರು ತೂಕ ಹೆಚ್ಚಿಟ್ಟು ವರ್ಮ್ ಗೇರನ್ನ ಒಂದೇ ಮಗ್ಗುಲಿಗೆ ಒತ್ತಿಸೋದು ಇದೇ ಉಪಾಯ. ಸರ್ವೀಸ್ ಮಾಡುವಾಗ ಬ್ರೇಕ್ ನಂಬಿ ಲಂಬ ಆಕ್ಸಿಸ್ ಕೆಳಗೆ ಕೈ ಇಡಬೇಡಿ, ಮರದ ದಿಮ್ಮಿ ಕೊಟ್ಟು ನಿಲ್ಲಿಸಿ.

ವೃತ್ತ ಕಡಿದ್ರೆ ನಾಲ್ಕು ಕಡೆ ಗುರುತು ಬೀಳತ್ತೆ.

ವೃತ್ತದ ನಾಲ್ಕು ಜಾಗದಲ್ಲಿ ಒಂದೊಂದು ಆಕ್ಸಿಸ್ ನಿಂತು ದಿಕ್ಕು ಬದಲಾಯಿಸತ್ತೆ. ಬಾಲ್‌ಬಾರ್ (ಮಿಷಿನ್ ಸುತ್ತೋ ವೃತ್ತ ಎಷ್ಟು ದುಂಡಗಿದೆ ಅಂತ ಅಳೆಯೋ ಸಾಧನ) ಗ್ರಾಫಲ್ಲಿ ಅಲ್ಲಿ ಮೆಟ್ಟಿಲು ಕಂಡ್ರೆ ಪ್ಲೇ, ಮುಳ್ಳಿನ ಹಾಗೆ ಎದ್ದು ಇಳಿದ್ರೆ ಕಚ್ಚಿ ಬಿಡೋ ಘರ್ಷಣೆ.

ಇನರ್ಷಿಯಾ ರೇಶಿಯೋ 5ಕ್ಕಿಂತ ಕಮ್ಮಿನೇ ಇರಬೇಕಾ?

ಲೋಡಿನ ಇನರ್ಷಿಯಾ ಮೋಟರ್‌ದರ ಎಷ್ಟು ಪಟ್ಟು ಅನ್ನೋದೇ ಈ ರೇಶಿಯೋ. 5 ಅನ್ನೋದು ಅಂದಾಜು ಸೂತ್ರ, ಶಾಸನ ಅಲ್ಲ. ನಡುವಿನ ಸ್ಪ್ರಿಂಗ್ ಗಟ್ಟಿ ಇದ್ದು ಪ್ಲೇ ಇಲ್ಲದಿದ್ರೆ 20 ಇದ್ರೂ ಓಡತ್ತೆ, ಮೆತ್ತನೆ ಬೆಲ್ಟ್ ಇದ್ರೆ 3ಕ್ಕೂ ಕಾಟ. ಗೇರ್ ಹಾಕಿದ್ರೆ ಮೋಟರ್‌ಗೆ ಕಾಣೋ ಲೋಡ್ ಇನರ್ಷಿಯಾ ಅನುಪಾತದ ವರ್ಗದಷ್ಟು ಇಳಿಯತ್ತೆ, 5ಕ್ಕೆ 1 ಗೇರ್ ಅಂದ್ರೆ 25 ಪಟ್ಟು ಕಮ್ಮಿ. ಆದ್ರೆ ಆ ಗೇರು ಪ್ಲೇ ತರತ್ತೆ ಅನ್ನೋದು ಮರೀಬೇಡಿ.

ಅಳೆದದ್ದನ್ನ ಬರೆದಿಡಬೇಕಾ?

ಇಡಿ, ಒಂದು ನೋಟ್‌ಬುಕ್ ಮಿಷಿನ್ ಪಕ್ಕದಲ್ಲೇ ನೇತು ಹಾಕಿ. ತಾರೀಕು, ಯಾವ ಆಕ್ಸಿಸ್, ಎರಡೂ ತುದಿ ಮತ್ತು ಮಧ್ಯದಲ್ಲಿ ಕಳೆದುಹೋಗೋ ಮೈಕ್ರಾನ್, 20 ಕೆಜಿ ಎಳೆದಾಗ ಸರಿದದ್ದು, ಗುಂಯ್ ಫ್ರೀಕ್ವೆನ್ಸಿ, ಇಷ್ಟು ಸಾಕು. ಒಂದು ಮಿಷಿನ್‌ದು ಮೂರು ತಿಂಗಳಿಗೊಮ್ಮೆ ಬರೀತಿದ್ವಿ, ಎಕ್ಸ್ ಆಕ್ಸಿಸ್ 12 ಮೈಕ್ರಾನ್ ಇದ್ದದ್ದು 14, 15, ಆಮೇಲೆ ಒಂದೇ ಸಲ 31. ಮೂರೂ ಜಾಗದಲ್ಲಿ ಒಂದೇ ಸಮ ಏರಿತ್ತು, ಹಾಗಾಗಿ ಸ್ಕ್ರೂ ಸವೆದದ್ದಲ್ಲ ಅಂತ ಬಿಚ್ಚೋಕೆ ಮುಂಚೆನೇ ಗೊತ್ತಾಯ್ತು. ತುದಿಯ ಥ್ರಸ್ಟ್ ಬೇರಿಂಗ್‌ನ ಲಾಕ್‌ನಟ್ ಸಡಿಲ ಆಗಿತ್ತು, ಬಿಗಿ ಮಾಡಿ ಮತ್ತೆ ಡಯಲ್ ಇಟ್ರೆ 13 ತೋರಿಸ್ತು. ಗೇನ್ ಮುಟ್ಟಲೇ ಇಲ್ಲ.